ತೇವದ ಊರಿನಲ್ಲಿ ಪಾಮ್ ಡೈರಿ: ಕೊಳ್ಳುವುದು, ಬಳಸುವುದು, ಉಳಿಸಿಕೊಳ್ಳುವುದು

ವಿಳಾಸ, ದಿನಚರಿ, ಲೆಕ್ಕ ಎಲ್ಲವೂ ಮೊಬೈಲ್ ಫೋನಿನೊಳಗೆ ಸೇರಿಹೋಗುವುದಕ್ಕೆ ಮೊದಲು, ಈ ಕೆಲಸಗಳಿಗೆಂದೇ ಅಂಗೈ ಅಗಲದ ಯಂತ್ರಗಳಿದ್ದವು. ನಮ್ಮ ಕಡೆ ಅವುಗಳಿಗೆಲ್ಲ ಒಂದೇ ಹೆಸರು, ‘ಡಿಜಿಟಲ್ ಡೈರಿ’. ಭಟ್ಕಳ, ಹೊನ್ನಾವರ, ಕಾರವಾರದಿಂದ ಕೊಲ್ಲಿ ದೇಶಗಳಿಗೆ ದುಡಿಯಲು ಹೋದವರು ರಜೆಗೆ ಬರುವಾಗ ಸುಗಂಧದ ಬಾಟಲಿ, ಟಾರ್ಚು, ಗಡಿಯಾರಗಳ ಜೊತೆಗೆ ಇದನ್ನೂ ತರುತ್ತಿದ್ದರು. ಹಾಗೆ ಬಂದು ಕಪಾಟಿನ ಮೂಲೆ ಸೇರಿದ ಯಂತ್ರಗಳು ಈಗ ಒಂದೊಂದಾಗಿ ಹೊರಬರುತ್ತಿವೆ, ಮತ್ತು ಅವುಗಳನ್ನು ಚಾಲೂ ಮಾಡುವುದು ಹೇಗೆಂದು ಕೇಳುವ ಹುಡುಗರೂ ಸಿಗುತ್ತಿದ್ದಾರೆ. ಕಾರವಾರದಲ್ಲಿ ಕೆಲಸ, ಶಿರಸಿಯ ಬಳಿ ತೋಟ ಎಂದು ಎರಡು ಕಡೆ ಓಡಾಡುವ ನಾನು ಪಾಮ್ 3 ಎಂಬ ಯಂತ್ರವನ್ನು ಬಹಳ ವರ್ಷಗಳಿಂದ ಬಳಸುತ್ತಿದ್ದೇನೆ. ಹಾಗೆ ಕೇಳುವ ಹುಡುಗರಿಗಾಗಿ ಈ ಬರಹ.

ಆರಂಭದಲ್ಲೇ ಒಂದು ಮಾತು ಹೇಳಿಬಿಡಬೇಕು, ಏಕೆಂದರೆ ಮುಂದಿನ ಸೂಚನೆಗಳಲ್ಲಿ ಹೆಚ್ಚಿನವು ಅದರಿಂದಲೇ ಹುಟ್ಟಿದವು. ಈ ಯಂತ್ರದ ನೆನಪು ಅದರ ಶೆಲ್ ಇರುವಷ್ಟು ಹೊತ್ತು ಮಾತ್ರ. ಇಂದಿನ ಫೋನು ಬ್ಯಾಟರಿ ಸತ್ತು ತಿಂಗಳುಗಟ್ಟಲೆ ಬಿದ್ದಿದ್ದರೂ ಒಳಗಿನ ಬರಹವನ್ನು ಕಾಪಾಡುತ್ತದೆ. ಪಾಮ್ 3ರಲ್ಲಿ ನೀವು ಬರೆದದ್ದೆಲ್ಲ 2 ಎಂಬಿಯ ರ‍್ಯಾಮ್‌ನಲ್ಲಿ, ಅಂದರೆ ವಿದ್ಯುತ್ತು ಹರಿಯುತ್ತಿರುವವರೆಗೆ ಮಾತ್ರ ಬದುಕುವ ಜಾಗದಲ್ಲಿ, ಕುಳಿತಿರುತ್ತದೆ.

ಯಾವ ಯಂತ್ರ?

ಲಂಡನ್ನಿನ ಸೈಯಾನ್ ಕಂಪನಿ 1984ರಲ್ಲಿ ತನ್ನ ಮೊದಲ ಆರ್ಗನೈಸರನ್ನು ಮಾರುಕಟ್ಟೆಗೆ ಬಿಟ್ಟಿತು. ಮುಂದೆ 1991ರಲ್ಲಿ ಬಂದ ಅದರ ಸೀರೀಸ್ 3, ಮಡಚಿ ಮುಚ್ಚುವ, ಕೀಲಿಮಣೆಯುಳ್ಳ, ನೋಡಲು ಕನ್ನಡಕದ ಡಬ್ಬಿಯಂಥ ಯಂತ್ರ. ಅದು ಕೈಗೆ ಸಿಕ್ಕಿದರೆ ಪುಣ್ಯ, ಆದರೆ ಅದರ ಕೀಲು ಬಿರಿಯುವುದು ಪ್ರಸಿದ್ಧ ರೋಗ, ಬಿಡಿಭಾಗಕ್ಕೆ ಪರದಾಡಬೇಕು. ನಮ್ಮೂರ ಕಪಾಟುಗಳಲ್ಲಿ ಹೆಚ್ಚು ಕಾಣುವ ಕ್ಯಾಸಿಯೋ ಡೈರಿಗಳು ಗಟ್ಟಿಮುಟ್ಟಾದವು. ಫೋನ್ ನಂಬರಿಗೂ ಚಿಕ್ಕ ಟಿಪ್ಪಣಿಗೂ ಸಾಕು. ಆದರೆ ಅವುಗಳ ಕೇಬಲ್ ಈಗ ಸಿಗುವುದು ದುರ್ಲಭವಾದ್ದರಿಂದ ಒಳಗೆ ಹೋದ ಮಾಹಿತಿಯನ್ನು ಕಣ್ಣಲ್ಲಿ ನೋಡಿ ಕೈಯಲ್ಲಿ ಬರೆದುಕೊಳ್ಳಬೇಕಾಗುತ್ತದೆ.

ಹೊಸಬರಿಗೆ ನನ್ನ ಶಿಫಾರಸು ಪಾಮ್. 1996ರಲ್ಲಿ ಯು.ಎಸ್. ರೋಬೋಟಿಕ್ಸ್ ಹೆಸರಿನಲ್ಲಿ ಪಾಮ್‌ನ ಮೊದಲ ಯಂತ್ರಗಳಾಗಿ ಪೈಲಟ್ 1000 ಮತ್ತು 5000 ಎಂಬ ಎರಡು ಮಾದರಿಗಳು ಬಂದವು. ಮೊದಲನೆಯದರಲ್ಲಿ 128 ಕೆಬಿ, ಎರಡನೆಯದರಲ್ಲಿ 512 ಕೆಬಿ ನೆನಪು. ಇದನ್ನು ರೂಪಿಸಿದ ಜೆಫ್ ಹಾಕಿನ್ಸ್, ಯಂತ್ರ ತಯಾರಾಗುವ ಮೊದಲೇ ಅದೇ ಅಳತೆಯ ಮರದ ತುಂಡೊಂದನ್ನು ಅಂಗಿಯ ಜೇಬಿನಲ್ಲಿಟ್ಟುಕೊಂಡು, ಯಾರಾದರೂ ಭೇಟಿಯ ಸಮಯ ಕೇಳಿದರೆ ಆ ತುಂಡನ್ನೇ ತೆಗೆದು ಅದರ ಮೇಲೆ ಬರೆಯುವವನಂತೆ ನಟಿಸುತ್ತಿದ್ದನಂತೆ. ಜೇಬಿಗೆ ಹೊಂದದ್ದು ಬಳಕೆಗೆ ಬಾರದು ಎಂಬ ಆ ಲೆಕ್ಕಾಚಾರ ಸರಿಯಾಗಿತ್ತು. 1998ರ ಪಾಮ್ 3, ಆಮೇಲಿನ 3ಎಕ್ಸ್ ಮತ್ತು 3ಇ, 2000ದ ಎಂ100, ಇವೆಲ್ಲ ಎರಡು ಸಣ್ಣ ಶೆಲ್‌ಗಳ ಮೇಲೆ ಓಡುತ್ತವೆ. ಟಿವಿ ರಿಮೋಟಿಗೆ ಹಾಕುವ ಆ ಶೆಲ್ ಅಂಕೋಲೆಯ ಗೂಡಂಗಡಿಯಲ್ಲೂ ಸಿಗುತ್ತದೆ ಎಂಬುದೇ ಈ ಮಾದರಿಗಳನ್ನು ಆರಿಸಲು ದೊಡ್ಡ ಕಾರಣ. ಪಾಮ್ 5 ನೋಡಲು ಇವೆಲ್ಲಕ್ಕಿಂತ ಚೆಂದ, ತೆಳ್ಳಗೆ, ಲೋಹದ ಮೈ. ಆದರೆ ಒಳಗೆ ಚಾರ್ಜ್ ಆಗುವ ಬ್ಯಾಟರಿಯನ್ನಿಟ್ಟು ಮೈಯನ್ನು ಅಂಟಿನಿಂದ ಮುಚ್ಚಿದ್ದಾರೆ. ಆ ಬ್ಯಾಟರಿ ಈ ಹೊತ್ತಿಗೆ ಮುದಿಯಾಗಿರುತ್ತದೆ. ಚೆಂದಕ್ಕೆ ಮರುಳಾಗಬೇಡಿ.

ಕೈಗೆ ತೆಗೆದುಕೊಂಡಾಗ ನೋಡಬೇಕಾದ್ದು

ಮೊದಲು ಹಿಂಬದಿಯ ಮುಚ್ಚಳ ತೆಗೆದು ಶೆಲ್ ಕೂರುವ ಜಾಗವನ್ನು ನೋಡಿ. ಸ್ಪ್ರಿಂಗಿನ ಮೇಲೆ ಬಿಳಿಯ ಪುಡಿ ಇದ್ದರೆ ಗಾಬರಿ ಬೇಡ, ಅದನ್ನು ತೊಳೆಯಬಹುದು. ಹಸಿರು ಬಣ್ಣಕ್ಕೆ ತಿರುಗಿ ಲೋಹವೇ ಪದರು ಪದರಾಗಿ ಏಳುತ್ತಿದ್ದರೆ, ಉಚಿತವಾಗಿ ಕೊಟ್ಟರೂ ಎರಡು ಸಲ ಯೋಚಿಸಿ, ಏಕೆಂದರೆ ಮೇಲೆ ಕಾಣುವಷ್ಟೇ ಕೆಡುಕು ಒಳಗಿನ ಹಲಗೆಯ ಮೇಲೂ ಇರುವ ಸಂಭವವುಂಟು. ಹೊಸ ಶೆಲ್ ಜೊತೆಯಲ್ಲಿ ಒಯ್ದು, ಹಾಕಿ, ಚಾಲೂ ಮಾಡಿಯೇ ಹಣ ಕೊಡುವುದು ಲೇಸು. ಪರದೆಯ ಮೇಲೆ ಉದ್ದಕ್ಕೆ ಗೆರೆಗಳು ಬಿದ್ದಿದ್ದರೆ ಬಿಟ್ಟುಬಿಡಿ. ಪರದೆಯ ಮೇಲೆ ಬರೆಯುವ ಕಡ್ಡಿಯಿಂದ (ಸ್ಟೈಲಸ್) ನಾಲ್ಕು ಮೂಲೆಗಳನ್ನೂ ಒತ್ತಿ ನೋಡಿ. ಒತ್ತಿದ್ದು ಒಂದು ಕಡೆ, ತೆರೆದದ್ದು ಇನ್ನೊಂದು ಎಂದಾದರೆ ಅದು ಸಾಮಾನ್ಯವಾಗಿ ಸರಿಪಡಿಸಬಹುದಾದ ದೋಷ. ತೊಟ್ಟಿಲು, ಅಂದರೆ ಯಂತ್ರವನ್ನು ಕೂರಿಸಿ ಕಂಪ್ಯೂಟರಿಗೆ ಜೋಡಿಸುವ ಪೀಠ, ಜೊತೆಗಿದೆಯೇ ಎಂದು ಮರೆಯದೆ ಕೇಳಿ. ತೊಟ್ಟಿಲಿಲ್ಲದ ಪಾಮ್‌ಗೆ ನಾನು ಅರ್ಧ ಬೆಲೆಯನ್ನೂ ಕೊಡಲಾರೆ.

ಶೆಲ್ ಕೂರುವ ಜಾಗದ ಶುದ್ಧಿ

ಸೋರಿದ ಆಲ್ಕಲೈನ್ ಶೆಲ್ ಕ್ಷಾರವನ್ನು ಬಿಟ್ಟಿರುತ್ತದೆ, ಕ್ಷಾರಕ್ಕೆ ಮದ್ದು ಹುಳಿ. ಕಿವಿಗೆ ಹಾಕುವ ಹತ್ತಿಕಡ್ಡಿಯನ್ನು ವಿನೆಗರಿನಲ್ಲೋ ಸೋಸಿದ ನಿಂಬೆರಸದಲ್ಲೋ ಅದ್ದಿ, ತೊಟ್ಟಿಕ್ಕದ ಹಾಗೆ ಹಿಂಡಿ, ಬಿಳಿ ಪುಡಿಯ ಮೇಲೆ ಮಾತ್ರ ತಾಗಿಸಿ. ಸಣ್ಣದಾಗಿ ನೊರೆಯೆದ್ದು ಪುಡಿ ಕರಗುತ್ತದೆ. ಬೇರೆ ಕಡ್ಡಿಯಿಂದ ಒರೆಸಿ, ಕೊನೆಗೆ ಮೊಬೈಲ್ ರಿಪೇರಿ ಅಂಗಡಿಯವರು ಐಪಿಎ ಎಂದು ಕರೆಯುವ ದ್ರವದಿಂದ (ಐಸೊಪ್ರೊಪೈಲ್ ಆಲ್ಕೊಹಾಲ್) ಇನ್ನೊಮ್ಮೆ ಒರೆಸಿದರೆ ಹುಳಿಯ ಅಂಶವೂ ನೀರೂ ಹೋಗುತ್ತವೆ. ಒಂದು ಹಗಲು ಫ್ಯಾನಿನ ಕೆಳಗೆ ಮುಚ್ಚಳ ತೆರೆದಿಡಿ. ಮನೆಯಲ್ಲಿ ಹೇರಳವಾಗಿದೆಯೆಂದು ಮುರುಗಲ ಹುಳಿಯನ್ನು ಬಳಸಲು ಹೋದ ಸ್ನೇಹಿತರೊಬ್ಬರ ಯಂತ್ರವನ್ನು ನಾನು ನೋಡಿದ್ದೇನೆ. ಕ್ಷಾರವೇನೋ ಹೋಗಿತ್ತು, ಆದರೆ ಸ್ಪ್ರಿಂಗುಗಳು ಅಂಟು ಅಂಟಾಗಿ, ಇರುವೆಗಳು ದಾರಿ ಹಿಡಿದಿದ್ದವು.

ಮೊದಲ ಚಾಲನೆ

ಹೊಸ ಆಲ್ಕಲೈನ್ ಶೆಲ್ ಎರಡನ್ನೂ ಒಟ್ಟಿಗೆ ಹಾಕಿ. ಹಳೆಯದೊಂದು ಹೊಸದೊಂದು ಬೇಡ. ಹಿಂಬದಿಯಲ್ಲಿ ಒಂದು ಚಿಕ್ಕ ರಂಧ್ರವಿದೆ, ಅದು ಮರುಚಾಲನೆಯ ಗುಂಡಿ. ಪೇಪರ್ ಕ್ಲಿಪ್ಪನ್ನು ನೇರ ಮಾಡಿ ಮೆತ್ತಗೆ ಒತ್ತಿದರೆ ಯಂತ್ರ ಮತ್ತೆ ಏಳುತ್ತದೆ, ಬರಹಕ್ಕೆ ಧಕ್ಕೆಯಿಲ್ಲ. ಹಿಂದಿನ ಒಡೆಯರ ಮಾಹಿತಿಯನ್ನು ಅಳಿಸಬೇಕಾದರೆ ಪವರ್ ಗುಂಡಿಯನ್ನು ಒತ್ತಿ ಹಿಡಿದುಕೊಂಡೇ ಆ ರಂಧ್ರದಲ್ಲಿ ಚುಚ್ಚಿ, ಪರದೆಯ ಮೇಲೆ ಪಾಮ್ ಲಾಂಛನ ಬಂದೊಡನೆ ಪವರ್ ಗುಂಡಿಯನ್ನು ಬಿಡಬೇಕು. ಎಲ್ಲವನ್ನೂ ಅಳಿಸಲೇ ಎಂಬ ಪ್ರಶ್ನೆಗೆ ಮೇಲಕ್ಕೆ ಸರಿಸುವ ಗುಂಡಿಯೇ ‘ಹೌದು’. ಬೇರೆ ಯಾವುದನ್ನೊತ್ತಿದರೂ ‘ಬೇಡ’ ಎಂದರ್ಥ.

ಆಮೇಲೆ ಪರದೆಯ ಮೇಲೆ ಒಂದೊಂದಾಗಿ ಮೂಡುವ ಗುರಿಗಳ ನಡುವನ್ನು ಕಡ್ಡಿಯಿಂದ ಒತ್ತಬೇಕು. ಅವಸರ ಬೇಡ, ಯಂತ್ರವನ್ನು ಮೇಜಿನ ಮೇಲಿಟ್ಟು ಒತ್ತಿ. ಮುಂದೆಂದಾದರೂ ಒತ್ತು ಜಾರಿದಂತೆ ಕಂಡರೆ ಪ್ರಿಫರೆನ್ಸಸ್‌ನ ಡಿಜಿಟೈಸರ್ ಭಾಗದಲ್ಲಿ ಇದನ್ನೇ ಮತ್ತೆ ಮಾಡಬಹುದು. ಹಾಗೆ ಮಾಡಿದರೂ ಸರಿಯಾಗದಿದ್ದರೆ ಪರದೆಯ ಅಂಚಿನ ಸಂದಿಯಲ್ಲಿ ಮರಳು ಕೂತಿರುತ್ತದೆ. ಕಾರವಾರದ ಕಡಲ ದಂಡೆಯಲ್ಲಿ ಜೇಬಿನಿಂದ ತೆಗೆದವರಿಗೆಲ್ಲ ಈ ಅನುಭವವಾಗಿಯೇ ಇರುತ್ತದೆ. ದಪ್ಪ ಕಾಗದದ ಅಂಚನ್ನು ಆ ಸಂದಿಯಲ್ಲಿ ನಾಲ್ಕೂ ಬದಿಗೆ ಎಳೆದರೆ ಕಾಳು ಹೊರಗೆ ಬರುತ್ತದೆ.

ತಾರೀಖು ಹಾಕುವಾಗ ತಿಳಿದಿರಲಿ: ಈ ಯಂತ್ರದ ಪಂಚಾಂಗ 1904ರಿಂದ 2031ರವರೆಗೆ ಮಾತ್ರ.

ಗ್ರಾಫಿಟಿ ಕಲಿಯುವುದು

ಪರದೆಯ ಕೆಳಗಿನ ಚೌಕದಲ್ಲಿ ಎಡಗಡೆ ಅಕ್ಷರ, ಬಲಗಡೆ ಅಂಕಿ ಬರೆಯಬೇಕು. ಬರೆಯುವ ಲಿಪಿ ಇಂಗ್ಲಿಷಿನದ್ದೇ, ಆದರೆ ಒಂದೇ ಎಳೆತಕ್ಕೆ ಒಗ್ಗಿಸಿಕೊಂಡದ್ದು, ಅದಕ್ಕೆ ಗ್ರಾಫಿಟಿ ಎಂದು ಹೆಸರು. ‘ಎ’ ಎಂದರೆ ನಡುಗೆರೆಯಿಲ್ಲದ ಗುಡಿಸಲ ಮಾಡು: ಎಡಗಡೆ ಕೆಳಗಿನಿಂದ ಏರಿ ಬಲಕ್ಕೆ ಇಳಿದರಾಯಿತು. ‘ಟಿ’ಗೆ ಎಡದಿಂದ ಬಲಕ್ಕೆ ಅಡ್ಡಗೆರೆ ಎಳೆದು ಕಡ್ಡಿ ಎತ್ತದೆ ಕೆಳಗಿಳಿಸಬೇಕು, ‘ಎಫ್’ ಅದರ ಕನ್ನಡಿ, ಬಲದಿಂದ ಎಡಕ್ಕೆ ಹೋಗಿ ಕೆಳಗೆ. ಎಲ್ಲರೂ ತಡವರಿಸುವುದು ‘ಕೆ’ಯಲ್ಲಿ. ಬಂಗಡೆ ಮೀನು ಎಡಕ್ಕೆ ತಲೆ ಹಾಕಿ ಮಲಗಿದೆ ಎಂದುಕೊಳ್ಳಿ. ಬಾಲದ ಮೇಲ್ತುದಿಯಿಂದ ಹೊರಟು, ತಲೆಯನ್ನು ಬಳಸಿ ಬಂದು, ಬಾಲದ ಕೆಳತುದಿಯಲ್ಲಿ ನಿಲ್ಲಿಸಿದರೆ ‘ಕೆ’ ಸಿಗುತ್ತದೆ. ಎಡದಿಂದ ಬಲಕ್ಕೆ ಬರಿಯ ಗೆರೆ ಎಳೆದರೆ ಜಾಗ ಬಿಡುತ್ತದೆ, ಬಲದಿಂದ ಎಡಕ್ಕೆ ಎಳೆದರೆ ಬರೆದದ್ದು ಅಳಿಯುತ್ತದೆ. ಕೆಳಗಿನಿಂದ ನೇರ ಮೇಲಕ್ಕೆ ಎಳೆದರೆ ಮುಂದಿನದು ದೊಡ್ಡ ಅಕ್ಷರ.

ಮೂರು ದಿನ ದಿನಕ್ಕೊಂದು ಪುಟ ಬರೆದರೆ ಕೈಗೆ ಹತ್ತುತ್ತದೆ. ಕನ್ನಡ ಲಿಪಿ ಇದರಲ್ಲಿಲ್ಲ, ಆದ್ದರಿಂದ ಅಡಿಕೆಯನ್ನೂ ಗೇರುಬೀಜವನ್ನೂ ಇಂಗ್ಲಿಷ್ ಅಕ್ಷರದಲ್ಲೇ ಬರೆಯಬೇಕಾಗುತ್ತದೆ. ಇಲ್ಲಿ ಒಂದು ಶಿಸ್ತು ಅಗತ್ಯ: ಅಡಿಕೆಯ ಒಂದು ಬಗೆಯಾದ ‘ರಾಶಿ’ಯನ್ನು ಒಮ್ಮೆ ಒಂದು ಎ ಹಾಕಿ, ಇನ್ನೊಮ್ಮೆ ಎರಡು ಎ ಹಾಕಿ ಬರೆದರೆ ಹುಡುಕುವ ಸೌಲಭ್ಯಕ್ಕೆ ಅವೆರಡು ಬೇರೆ ಬೇರೆ ಪದಗಳು. ನಾನು ದೀರ್ಘವನ್ನು ಪೂರಾ ಕೈಬಿಟ್ಟು ಎಲ್ಲವನ್ನೂ ಹ್ರಸ್ವದಲ್ಲೇ ಬರೆಯುತ್ತೇನೆ. ಬರೆಯುವ ಚೌಕದ ಮೇಲೆ ತೆಳುವಾದ ಪಾರದರ್ಶಕ ಟೇಪಿನ ತುಂಡನ್ನು ಅಂಟಿಸಿ ತಿಂಗಳಿಗೊಮ್ಮೆ ಬದಲಿಸಿದರೆ ಪರದೆ ಗೀರುಬೀಳದೆ ಉಳಿಯುತ್ತದೆ.

ದಿನದ ಕೆಲಸಕ್ಕೆ ಒಗ್ಗಿಸುವುದು

ಕೆಳಗಿನ ನಾಲ್ಕು ಗುಂಡಿಗಳು ದಿನಚರಿ, ವಿಳಾಸ, ಮಾಡಬೇಕಾದ ಕೆಲಸ ಮತ್ತು ಟಿಪ್ಪಣಿ. ವಿಳಾಸಗಳಿಗೆ ಹದಿನೈದು ವಿಭಾಗಗಳನ್ನು ನೀವೇ ಮಾಡಿಕೊಳ್ಳಬಹುದು, ಅಷ್ಟು ಯಾರಿಗೂ ಬೇಕಾಗುವುದಿಲ್ಲ. ಊರಿನ ಹೆಸರಿನಲ್ಲಿ ವಿಂಗಡಿಸುವುದಕ್ಕಿಂತ ಕೆಲಸದ ಹೆಸರಿನಲ್ಲಿ, ಅಂದರೆ ಕೊನೆಗೌಡರು (ಅಡಿಕೆಗೊನೆ ಕೊಯ್ಯುವವರು), ಪಂಪ್ ರಿಪೇರಿ, ಬಾಡಿಗೆ ಗಾಡಿ ಎಂದು ವಿಂಗಡಿಸಿದರೆ ಬೇಕಾದಾಗ ಬೇಗ ಸಿಗುತ್ತದೆ.

ದಿನಚರಿಯ ನಿಜವಾದ ಶಕ್ತಿ ಮರುಕಳಿಸುವ ನಮೂದಿನಲ್ಲಿದೆ. ತೋಟದವರು ಮಳೆಗೆ ಮೊದಲು ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಸುವ ದಿನವನ್ನು ವರ್ಷಕ್ಕೊಮ್ಮೆ ಮರುಕಳಿಸುವಂತೆ ಹಾಕಿ, ಮೂರು ದಿನ ಮುಂಚೆ ಎಚ್ಚರಿಸುವಂತೆ ಇಡಲಿ. ಮೈಲುತುತ್ತ ತರುವುದಕ್ಕೂ ಆಳು ಹೇಳುವುದಕ್ಕೂ ಅಷ್ಟು ಹೊತ್ತು ಬೇಕು. ಮೊದಲ ಸಿಂಪಡಣೆ ನಿಜವಾಗಿ ನಡೆದ ದಿನದಿಂದ 40–45 ದಿನ ಎಣಿಸಿ ಎರಡನೆಯದನ್ನು ಬೇರೆಯಾಗಿ ಹಾಕಬೇಕು, ಅದನ್ನು ವರ್ಷಕ್ಕೆ ಕಟ್ಟಿಹಾಕಬೇಡಿ. 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ ಎಂಬ ಅಳತೆ ಬಾಯಿಪಾಠವೇ ಆದರೂ ಅದೇ ನಮೂದಿಗೆ ಟಿಪ್ಪಣಿಯಾಗಿ ಅಂಟಿಸಿಡಿ. ನೀವಿಲ್ಲದಾಗ ಮನೆಯವರು ಓದಬಹುದು. ದೋಣಿಯವರಿಗೆ ಜೂನ್ 1ರಿಂದ ಜುಲೈ 31ರವರೆಗಿನ 61 ದಿನಗಳ ಮೀನುಗಾರಿಕೆ ನಿಷೇಧವನ್ನು ಗುರುತಿಸಬೇಕಾದರೆ ಹಲವು ದಿನಗಳ ಒಂದೇ ನಮೂದು ಎಂಬುದು ಇದರಲ್ಲಿಲ್ಲ; ವೇಳೆಯಿಲ್ಲದ ನಮೂದನ್ನು ‘ದಿನವೂ’ ಎಂದು ಮರುಕಳಿಸಿ ಕೊನೆಯ ದಿನವನ್ನು ಜುಲೈ 31 ಎಂದು ಕೊಟ್ಟರೆ ಕೆಲಸ ಆಗುತ್ತದೆ.

ತಿಥಿಯ ಲೆಕ್ಕ ಮಾತ್ರ ಈ ಯಂತ್ರಕ್ಕೆ ಗೊತ್ತಿಲ್ಲ. ಶ್ರಾದ್ಧ, ವ್ರತ, ದೇವಸ್ಥಾನದ ತೇರು ಇವನ್ನು ವರ್ಷಕ್ಕೊಮ್ಮೆ ಎಂದು ಹಾಕಿದರೆ ಮರುವರ್ಷ ತಪ್ಪು ದಿನ ಕೂಗುತ್ತದೆ. ಶಿರಸಿಯ ಮಾರಿಕಾಂಬಾ ಜಾತ್ರೆ ಎರಡು ವರ್ಷಕ್ಕೊಮ್ಮೆ ಬರುತ್ತದೆಂದು ‘ಎರಡು ವರ್ಷಕ್ಕೊಮ್ಮೆ’ ಎಂಬ ಆಯ್ಕೆ ಕಂಡು ಹಿಗ್ಗಿದವರಲ್ಲಿ ನಾನೂ ಒಬ್ಬ. ತಾರೀಖು ಸರಿಯುತ್ತದೆಂಬುದು ಹಿಗ್ಗಿನಲ್ಲಿ ಮರೆತುಹೋಗಿತ್ತು. ಯುಗಾದಿಯ ಹೊಸ ಪಂಚಾಂಗ ಬಂದ ದಿನ ಒಂದು ತಾಸು ಕುಳಿತು ಇವೆಲ್ಲವನ್ನೂ ಕೈಯಾರೆ ಹಾಕುವುದೇ ದಾರಿ. ಎಚ್ಚರಿಕೆಯ ದನಿ ಬಹಳ ಸಣ್ಣದು, ತಗಡಿನ ಮಾಡಿನ ಮೇಲೆ ಆಷಾಢದ ಮಳೆ ಬೀಳುವಾಗ ಕೇಳಿಸುವುದಿಲ್ಲ.

ಬಿಸಿಲಿನಲ್ಲಿ ಇದರ ಪರದೆ ಫೋನಿಗಿಂತ ಸ್ಪಷ್ಟ. ಅಡಿಕೆ ಒಣಗಿಸುವ ಅಂಗಳದಲ್ಲಿ ನಿಂತು ಮೂಟೆ ಎಣಿಸುವಾಗ ಇದು ಗೊತ್ತಾಗುತ್ತದೆ. ಕತ್ತಲೆಯಲ್ಲಿ ಪವರ್ ಗುಂಡಿಯನ್ನು ಎರಡು ಸೆಕೆಂಡು ಹಿಡಿದರೆ ಬೆಳಕು ಬರುತ್ತದೆ, ಶೆಲ್ಲನ್ನು ತಿನ್ನುತ್ತದೆ. ಬ್ಯಾಂಕಿನ ಗುಪ್ತಸಂಖ್ಯೆಗಳನ್ನು ಇದರಲ್ಲಿಡಬೇಡಿ. ‘ಖಾಸಗಿ’ ಎಂದು ಗುರುತು ಮಾಡಿದ್ದನ್ನು ಅದು ಬಚ್ಚಿಡುತ್ತದೆಯೇ ಹೊರತು ಬೀಗ ಹಾಕುವುದಿಲ್ಲ.

ಶೆಲ್ ಬದಲಿಸುವ ಕ್ರಮ

ಶೆಲ್ ತೆಗೆದ ಮೇಲೆ ಒಳಗಿನ ಒಂದು ಕೆಪಾಸಿಟರು ಸುಮಾರು ಒಂದು ನಿಮಿಷ ನೆನಪನ್ನು ಹಿಡಿದಿಟ್ಟುಕೊಳ್ಳುತ್ತದೆ. ಯಂತ್ರ ಹೊಸದಿದ್ದಾಗಿನ ಮಾತು ಅದು. ಇಪ್ಪತ್ತು ವರ್ಷ ದಾಟಿದ ಕೆಪಾಸಿಟರಿನ ಮೇಲೆ ಅಷ್ಟು ಭರವಸೆ ಇಡಲಾಗದು.

ಇದನ್ನು ನಾನು ದೇವಿಮನೆ ಘಟ್ಟದಲ್ಲಿ ಕಲಿತೆ. ಶಿರಸಿಯಿಂದ ಕುಮಟೆಗೆ ಬಸ್ಸಿನಲ್ಲಿ ಬರುತ್ತಿದ್ದೆ, ಶೆಲ್ ಕಡಿಮೆಯಾಗಿದೆ ಎಂಬ ಸೂಚನೆ ಎರಡು ದಿನದಿಂದ ಬರುತ್ತಿತ್ತು, ಜೇಬಿನಲ್ಲಿ ಹೊಸ ಶೆಲ್ಲುಗಳೂ ಇದ್ದವು. ಮುಚ್ಚಳ ತೆಗೆದು ಹಳೆಯವೆರಡನ್ನೂ ಅಂಗೈಗೆ ಉರುಳಿಸಿಕೊಂಡೆ. ಮೊದಲ ಹೊಸ ಶೆಲ್ ಕೂತಿತು. ಎರಡನೆಯದನ್ನು ಒತ್ತುವ ಹೊತ್ತಿಗೆ ಬಸ್ಸು ತಿರುವಿನಲ್ಲಿ ವಾಲಿತು, ಶೆಲ್ ಬೆರಳಿನಿಂದ ಜಾರಿ ಸೀಟಿನ ಕೆಳಗೆ ಹೊರಳಿ, ಮುಂದಿನವರ ಬಾಳೆಗೊನೆಯ ಗೋಣಿಚೀಲದ ಹಿಂದೆ ಎಲ್ಲೋ ಸೇರಿಕೊಂಡಿತು. ಹಳೆಯದನ್ನೇ ಮತ್ತೆ ತುರುಕಬಹುದಿತ್ತೆಂದು ಆಮೇಲೆ ಹೊಳೆಯಿತು, ಆಗ ಹೊಳೆಯಲಿಲ್ಲ. ಶೆಲ್ ಹುಡುಕಿ ಹಾಕಿ ಚಾಲೂ ಮಾಡಿದಾಗ ಪರದೆಯ ಮೇಲೆ ಬಂದದ್ದು ಗುರಿ ಒತ್ತಿರಿ ಎಂಬ ಸೂಚನೆ. ಆ ಸುಗ್ಗಿಯಲ್ಲಿ ಮಾರಿದ ರಾಶಿ, ಚಾಲಿ, ಬಿಳಿಗೋಟು ಎಂಬ ಅಡಿಕೆ ಬಗೆಗಳ ತೂಕ ಮತ್ತು ದರ, ಆಳುಗಳ ಮುಂಗಡ, ಎಲ್ಲವೂ ಹೋಗಿದ್ದವು. ಕಂಪ್ಯೂಟರಿನಲ್ಲಿದ್ದ ನಕಲು ಎರಡು ತಿಂಗಳು ಹಿಂದಿನದು. ಆಳುಗಳ ಮುಂಗಡವನ್ನು ಅವರನ್ನೇ ಕೇಳಿ ಬರೆದುಕೊಂಡೆ. ನನ್ನ ನೆನಪಿಗಿಂತ ಅವರ ನೆನಪು ಪ್ರಾಮಾಣಿಕವಾಗಿತ್ತು.

ಆದ್ದರಿಂದ ಕ್ರಮ ಹೀಗಿರಲಿ. ಮೊದಲು ಕಂಪ್ಯೂಟರಿಗೆ ಪ್ರತಿ ತೆಗೆಯಿರಿ. ಯಂತ್ರವನ್ನು ಆಫ್ ಮಾಡಿ, ಮೇಜಿನ ಮೇಲೆ ಬೋರಲಾಗಿಡಿ. ಹೊಸ ಶೆಲ್ಲುಗಳನ್ನು ಪೊಟ್ಟಣದಿಂದ ಬಿಡಿಸಿ, ಯಾವ ತುದಿ ಯಾವ ಕಡೆಗೆಂದು ನೋಡಿ ಪಕ್ಕದಲ್ಲಿಟ್ಟುಕೊಂಡ ಮೇಲಷ್ಟೇ ಮುಚ್ಚಳ ತೆಗೆಯಿರಿ. ಹಳೆಯವನ್ನು ತೆಗೆದು ಹೊಸತನ್ನು ಹಾಕುವುದು ಹತ್ತು ಸೆಕೆಂಡಿನ ಕೆಲಸವಾಗಬೇಕು. ಸೂಚನೆ ಮೊದಲ ಸಲ ಬಂದಾಗಲೇ ಬದಲಿಸಿ, ಏಕೆಂದರೆ ಶೆಲ್ಲಿನಲ್ಲಿ ಜೀವ ಉಳಿದಷ್ಟೂ ಕೆಪಾಸಿಟರು ತುಂಬಿರುತ್ತದೆ.

ಚಾರ್ಜ್ ಮಾಡುವ ಶೆಲ್ ಬಳಸಬಹುದು. ಅದು 1.2 ವೋಲ್ಟಿನದು, ಆಲ್ಕಲೈನ್ 1.5; ಹಾಗಾಗಿ ತುಂಬಿದ ಶೆಲ್ಲನ್ನೂ ಯಂತ್ರ ಅರೆಖಾಲಿ ಎಂದು ತೋರಿಸುತ್ತದೆ. ಅಗ್ಗದ ಸಾದಾ ಶೆಲ್ ಮಾತ್ರ ಬೇಡವೇ ಬೇಡ, ಅದು ಬೇಗ ಸೋರುತ್ತದೆ.

ಪ್ರತಿ ತೆಗೆಯುವುದು

ಪಾಮ್ 3ರ ತೊಟ್ಟಿಲಿನ ತಂತಿ ಒಂಬತ್ತು ಕಡ್ಡಿಯ ಸೀರಿಯಲ್ ಪೋರ್ಟಿಗೆ ಹೋಗುವಂಥದ್ದು, ಇಂದಿನ ಲ್ಯಾಪ್‌ಟಾಪಿನಲ್ಲಿ ಆ ಪೋರ್ಟು ಇರುವುದಿಲ್ಲ. ಯುಎಸ್‌ಬಿಯಿಂದ ಸೀರಿಯಲ್‌ಗೆ ಬದಲಿಸುವ ತಂತಿ ಬೇಕು. ವಿಂಡೋಸಿನ ಹಳೆಯ ಗಣಕವಿದ್ದರೆ ಪಾಮ್ ಡೆಸ್ಕ್‌ಟಾಪ್ ಹಾಕಿ, ಡಿವೈಸ್ ಮ್ಯಾನೇಜರಿನಲ್ಲಿ ಆ ತಂತಿಯ ಪೋರ್ಟ್ ಸಂಖ್ಯೆಯನ್ನು ಚಿಕ್ಕದಕ್ಕೆ, 1ರಿಂದ 4ರ ಒಳಗೆ, ಬದಲಿಸಿಕೊಳ್ಳಿ. ಲಿನಕ್ಸ್ ಬಳಸುವವರಿಗೆ ಜೆ-ಪೈಲಟ್ ಎಂಬ ತಂತ್ರಾಂಶವಿದೆ, ನನಗೆ ಅದೇ ಹೆಚ್ಚು ಹಿಡಿಸಿದ್ದು. ತೊಟ್ಟಿಲಿನ ಗುಂಡಿಯನ್ನೊತ್ತಿದಾಗ ಸಂಪರ್ಕ ಸಿಗದಿದ್ದರೆ ವೇಗವನ್ನು 9600ಕ್ಕೆ ಇಳಿಸಿ ನೋಡಿ. ಆಮೇಲೂ ಸಿಗದಿದ್ದರೆ ಯಂತ್ರದ ಬುಡದ ಚಿನ್ನದ ಬಣ್ಣದ ಪಟ್ಟಿಗಳನ್ನು ಒರೆಸಿ, ಹತ್ತರಲ್ಲಿ ಎಂಟು ಸಲ ತಪ್ಪು ಅಲ್ಲೇ ಇರುತ್ತದೆ.

ಇನ್ನೊಂದು ಪಾಮ್ ಇದ್ದರೆ ನೆತ್ತಿಯ ಅವಗೆಂಪು (ಇನ್‌ಫ್ರಾರೆಡ್) ಕಿಂಡಿಗಳನ್ನು ಎದುರುಬದುರು ಹಿಡಿದು, ಒಂದು ಗೇಣಿನಿಂದ ಒಂದು ಮೀಟರಿನ ಒಳಗೆ, ವಿಳಾಸ ಮತ್ತು ಟಿಪ್ಪಣಿಗಳ ಒಂದೊಂದು ವಿಭಾಗವನ್ನೇ ದಾಟಿಸಬಹುದು. ಕರೆಂಟಿಲ್ಲದ ದಿನಗಳಲ್ಲಿ ನಾನು ಮಾಡುವುದು ಇದನ್ನೇ.

ಮಳೆಗಾಲ

ಜೂನ್‌ನಿಂದ ಸೆಪ್ಟೆಂಬರಿನವರೆಗೆ ನಮ್ಮಲ್ಲಿ ಚಪ್ಪಲಿಗೂ ಬೂಷ್ಟು ಹಿಡಿಯುತ್ತದೆ. ಗಾಳಿಯಾಡದ ಸ್ಟೀಲ್ ಡಬ್ಬಿಯಲ್ಲಿ ಸಿಲಿಕಾ ಜೆಲ್ ಜೊತೆ ಯಂತ್ರವನ್ನಿಡಿ. ಅಕ್ಕಿಯಲ್ಲಿ ಹೂಳುವುದು ಬೇಡ, ಅದರ ಪುಡಿ ಗುಂಡಿಗಳ ಸಂದಿಗೆ ಹೋಗುತ್ತದೆ. ಒಲೆಯ ಮೇಲಿನ ಅಟ್ಟ ಬೆಚ್ಚಗಿದ್ದರೂ ಹೊಗೆಯ ಜಿಡ್ಡು ಪರದೆಗೆ ಹತ್ತುತ್ತದೆ. ನೀಲಿ ಸಿಲಿಕಾ ಜೆಲ್ ಗುಲಾಬಿಗೆ ತಿರುಗಿದರೆ ತೇವ ಕುಡಿದು ತುಂಬಿದೆ ಎಂದರ್ಥ. ಅಡುಗೆಗೆ ಬಳಸದ ಹಳೆಯ ಬಾಣಲೆಯಲ್ಲಿ ಸಣ್ಣ ಉರಿಯ ಮೇಲೆ ಮತ್ತೆ ನೀಲಿಯಾಗುವವರೆಗೆ ಕಾಯಿಸಿ, ತಣಿದ ಮೇಲೆ ಡಬ್ಬಿಗೆ ಹಾಕಿ.

ತಿಂಗಳುಗಟ್ಟಲೆ ಮುಟ್ಟುವುದಿಲ್ಲವೆಂದಾದರೆ ಶೆಲ್ ತೆಗೆದೇ ಇಡಬೇಕು. ಹಾಗೆ ಮಾಡಿದರೆ ನೆನಪು ಪೂರ್ತಿ ಅಳಿಯುತ್ತದೆ, ಆದ್ದರಿಂದ ಪ್ರತಿ ತೆಗೆದು, ಅದನ್ನು ಕಂಪ್ಯೂಟರಿನಲ್ಲಿ ತೆರೆದು, ಕೊನೆಯ ನಮೂದು ಕಾಣುತ್ತದೆಯೇ ಎಂದು ನೋಡಿದ ಮೇಲೆಯೇ ತೆಗೆಯಿರಿ. ಪ್ರತಿ ತೆಗೆದ ತಾರೀಖನ್ನೂ ಅದು ಯಾವ ಬಳಕೆದಾರರ ಹೆಸರಿನಲ್ಲಿದೆ ಎಂಬುದನ್ನೂ ಚೀಟಿಯಲ್ಲಿ ಬರೆದು ಡಬ್ಬಿಯೊಳಗೆ ಹಾಕಿ. ಚೌತಿ ಕಳೆದು ಬಿಸಿಲು ಬಂದ ಮೇಲೆ ಹೊಸ ಶೆಲ್ ಹಾಕಿ, ಗುರಿಗಳನ್ನೊತ್ತಿ, ತಾರೀಖು ಸರಿಮಾಡಿ, ತೊಟ್ಟಿಲಿನಲ್ಲಿ ಕೂರಿಸಿ. ಯಾರ ಯಂತ್ರ ಎಂದು ಪಾಮ್ ಡೆಸ್ಕ್‌ಟಾಪ್ ಕೇಳಿದಾಗ ಹೊಸ ಹೆಸರನ್ನು ಕೊಡದೆ ಚೀಟಿಯಲ್ಲಿರುವ ಹಳೆಯ ಹೆಸರನ್ನೇ ಆರಿಸಿ. ಯಂತ್ರದ್ದು ಕಂಪ್ಯೂಟರಿನದನ್ನು ಅಳಿಸಲಿ ಎಂಬ ಆಯ್ಕೆಯ ಮೇಲೆ ಗುರುತು ಇಲ್ಲವೆಂದು ಇನ್ನೊಮ್ಮೆ ನೋಡಿಕೊಂಡ ಮೇಲೆ ತೊಟ್ಟಿಲಿನ ಗುಂಡಿಯನ್ನೊತ್ತಿ.